ಎಕ್ಸ್-ರೇಯಲ್ಲಿ ಕಂಡ ಗಡ್ಡೆ

ಹರ್ನಿಯಾ ಆಪರೇಷನ್‌ಗೆ ಮೊದಲು ತೆಗೆಸಿದ ಎದೆಯ ಎಕ್ಸ್-ರೇಯಲ್ಲಿ ಶ್ವಾಸಕೋಶದ ಮೇಲೊಂದು ಚುಕ್ಕೆ ಕಾಣುತ್ತದೆ. ವರದಿಯಲ್ಲಿ ‘ಗಡ್ಡೆ’ ಎಂದು ಓದಿದ ಕೂಡಲೇ ಮನೆಮಂದಿಯ ಎದೆ ಧಸಕ್ಕೆನ್ನುತ್ತದೆ. ಗಡ್ಡೆ ಎಂದರೆ ಕ್ಯಾನ್ಸರೇ ಎಂಬುದು ನಮ್ಮಲ್ಲಿ ಅಷ್ಟು ಬೇರೂರಿದ ನಂಬಿಕೆ.

ಜೀವಕೋಶಗಳು ಹದ್ದು ಮೀರಿ ಹೆಚ್ಚಿ ಒಂದೆಡೆ ಸೇರಿಕೊಂಡರೆ ಅದು ಗಡ್ಡೆ. ಹ್ಯಾಮಾರ್ಟೋಮಾ ಎಂಬುದೊಂದಿದೆ, ಶ್ವಾಸಕೋಶದ ನಿರಪಾಯಕಾರಿ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಒಳಗಿರುವುದು ಮೃದ್ವಸ್ಥಿ, ಕೊಬ್ಬು. ಕೆಲವೊಮ್ಮೆ ಸುಣ್ಣ ಕಟ್ಟಿ, ಸ್ಕ್ಯಾನಿನಲ್ಲಿ ಅರಳಿದ ಜೋಳದಂತೆ ಕಾಣುತ್ತದೆ. ಅದು ಇದ್ದಲ್ಲೇ ನಿಧಾನವಾಗಿ ಬೆಳೆಯುತ್ತದೆ. ಕ್ಯಾನ್ಸರ್ ಹಾಗಲ್ಲ. ಅಕ್ಕಪಕ್ಕಕ್ಕೆ ನುಗ್ಗುತ್ತದೆ, ರಕ್ತದ ಜೊತೆ ಹರಿದು ಮೂಳೆ, ಯಕೃತ್ತು, ಮಿದುಳಿಗೂ ಹೋಗಿ ನೆಲೆಯೂರುತ್ತದೆ.

ಎಲ್ಲ ಚುಕ್ಕೆಯೂ ಗಡ್ಡೆಯಲ್ಲ. ನಮ್ಮ ದೇಶದಲ್ಲಿ ಕ್ಷಯ ವಾಸಿಯಾದ ಮೇಲೆ ಉಳಿದ ಗಂಟೂ ಹೀಗೆಯೇ ಕಾಣಬಹುದು. ಅಮೆರಿಕದಲ್ಲಿ ಬಹಳ ವರ್ಷ ಸಿಗರೇಟು ಸೇದಿದ ಸುಮಾರು 53,000 ಮಂದಿಯನ್ನು ತಪಾಸಣೆ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿ.ಟಿ. ಸ್ಕ್ಯಾನಿನಲ್ಲಿ ಸಂಶಯ ಬಂದ ಪ್ರತಿ ನೂರರಲ್ಲಿ ಸುಮಾರು 96 ಕ್ಯಾನ್ಸರ್ ಆಗಿರಲಿಲ್ಲ. ಆದರೂ ಎಕ್ಸ್-ರೇ ತಪಾಸಣೆಯ ಗುಂಪಿಗಿಂತ ಸ್ಕ್ಯಾನ್ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ. 20ರಷ್ಟು ಕಡಿಮೆಯಿತ್ತು. ಹೆದರಬೇಕಿಲ್ಲ ನಿಜ, ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ.

ವೈದ್ಯರು ಮೊದಲು ಅಳತೆ ನೋಡುತ್ತಾರೆ. 3 ಸೆಂಟಿಮೀಟರಿಗಿಂತ ದೊಡ್ಡದಾದರೆ ಅನುಮಾನ ಹೆಚ್ಚು. ಅಂಚು ನುಣುಪಾಗಿದೆಯೇ, ಮುಳ್ಳುಮುಳ್ಳಾಗಿದೆಯೇ ಎಂಬುದೂ ಮುಖ್ಯ. ಹಳೆಯ ಎಕ್ಸ್-ರೇ ಇದ್ದರೆ ದಯವಿಟ್ಟು ಜೊತೆಗೆ ಒಯ್ಯಿರಿ. ಗಟ್ಟಿ ಗಂಟು ಎರಡು ವರ್ಷ ಬದಲಾಗದೆ ಉಳಿದಿದ್ದರೆ ಅದು ಬಹುಪಾಲು ನಿರಪಾಯಕಾರಿ. ಸಂಶಯ ಉಳಿದರೆ ಸೂಜಿಯಿಂದಲೋ ಶ್ವಾಸನಾಳದೊಳಗೆ ನಳಿಕೆ ಇಳಿಸಿಯೋ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಎಂದು ಖಚಿತವಾಗುವುದು ಅಲ್ಲಿ.

ನನಗೆ ಹೆಚ್ಚು ಸಂಕಟ ತರುವುದು ಇದರ ತಿರುವುಮುರುವು, ಕ್ಯಾನ್ಸರನ್ನೇ ಕ್ಷಯವೆಂದುಕೊಳ್ಳುವುದು. ಕೆಮ್ಮು, ಎಕ್ಸ್-ರೇಯಲ್ಲಿ ನೆರಳು ಕಂಡೊಡನೆ ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಕ್ಷಯದ ಮಾತ್ರೆ ಶುರುವಾಗುತ್ತದೆ. ತಿಂಗಳುಗಳು ಕಳೆಯುತ್ತವೆ, ಆಪರೇಷನ್‌ನಿಂದ ತೆಗೆಯಬಹುದಾಗಿದ್ದ ಕ್ಯಾನ್ಸರ್ ಅಷ್ಟರಲ್ಲಿ ಹರಡಿರುತ್ತದೆ. ಬೀಡಿ ಮುಟ್ಟದವರಿಗೂ ಈ ರೋಗ ಬರುತ್ತದೆ. ಕಫದಲ್ಲಿ ರಕ್ತ ಕಂಡರೆ, ಕೆಮ್ಮು ಮೂರು ವಾರ ದಾಟಿದರೆ, ಮಾತ್ರೆ ನುಂಗಿಯೂ ತೂಕ ಇಳಿಯುತ್ತಲೇ ಹೋದರೆ, ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ನೀವೇ ಕೇಳಿ.