ಹೊಲದ ನಡುವೆ ನಿಲ್ಲುವ ಹಳೆಯ ಪೆಟ್ರೋಲ್ ಪಂಪು: ದೋಷ ಹುಡುಕುವ ಕ್ರಮ

(ಭಾಷಣದ ಪಾಠ)



ಶ್ರಾವಣದ ಜಿಟಿಜಿಟಿ ಮಳೆ ಮೂರು ದಿನ ಹಿಡಿದು, ನಾಲ್ಕನೆಯ ದಿನ ಬೆಳಿಗ್ಗೆ ಕೊಂಚ ಹೊಳವಾಗಿದೆ. ಬಟಾಟೆಯ ಎಲೆಗಳ ಅಂಚಿನಲ್ಲಿ ನೀರಿನಲ್ಲಿ ತೊಯ್ದಂಥ ಕಂದು ಮಚ್ಚೆಗಳು ಕಂಡಿವೆ. ಅಂಗಮಾರಿ ರೋಗ ಕಾಲಿಟ್ಟಿದೆ ಎಂದು ರೈತನಿಗೆ ತಿಳಿದಿದೆ. ಔಷಧಿ ತಂದಿದ್ದಾನೆ, ನೀರು ತುಂಬಿಸಿದ್ದಾನೆ, ಆಳು ಬಂದಿದ್ದಾರೆ. ಆದರೆ ಬೆನ್ನಿಗೇರಿಸಿದ ಪೆಟ್ರೋಲ್ ಪಂಪು ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಗೊರಗುಟ್ಟಿ ನಿಂತುಬಿಡುತ್ತದೆ. ಹಗ್ಗ ಎಳೆದರೆ ಹೊರಡುತ್ತದೆ, ಐದು ನಿಮಿಷಕ್ಕೆ ಮತ್ತೆ ನಿಲ್ಲುತ್ತದೆ. ಮಧ್ಯಾಹ್ನಕ್ಕೆ ಮೋಡ ಕವಿಯುತ್ತದೆ. ಅರ್ಧ ಹೊಲ ಉಳಿದೇ ಹೋಗುತ್ತದೆ.

ಇದು ಕೇವಲ ಯಂತ್ರದ ತೊಂದರೆಯಲ್ಲ. ತಂಪು ಮತ್ತು ತೇವ ಮುಂದುವರಿದರೆ ಅಂಗಮಾರಿಯು ಕೆಲವೇ ದಿನಗಳಲ್ಲಿ ಇಡೀ ಹೊಲವನ್ನು ಸುಡಬಲ್ಲದು. ಮಾವು ಹೂ ಬಿಟ್ಟಾಗ ಜಿಗಿಹುಳು ಮತ್ತು ಬೂದಿರೋಗಕ್ಕೆ ಮಾಡುವ ಸಿಂಪರಣೆಗೂ ಇದೇ ಮಾತು ಅನ್ವಯಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಬ್ಯಾಟರಿ ಪಂಪುಗಳು ಬಂದಿವೆ ನಿಜ. ಆದರೂ ಎತ್ತರದ ಮಾವಿನ ಮರಕ್ಕೆ, ದಟ್ಟವಾದ ಬೆಳೆಗೆ ಗಾಳಿಯ ರಭಸದಿಂದ ಔಷಧಿ ಮುಟ್ಟಿಸಲು ಧಾರವಾಡ, ಕಲಘಟಗಿ, ಹುಬ್ಬಳ್ಳಿ ಭಾಗದ ಅನೇಕ ಮನೆಗಳಲ್ಲಿ ಹಳೆಯ ಎರಡು ಹೊಡೆತದ ಎಂಜಿನ್ನಿನ ಪಂಪೇ ಕೆಲಸಕ್ಕೆ ಬರುತ್ತದೆ. ಇಂಥ ಎಂಜಿನ್ನು ನಡುವೆ ನಿಲ್ಲುವುದಕ್ಕೆ ಹೆಚ್ಚಿನ ಸಲ ಕಾರಣವಾಗಿರುವುದು ಸಣ್ಣ ದೋಷ. ಕ್ರಮವರಿತು ಹುಡುಕಿದರೆ ರೈತನೇ ಅದನ್ನು ಸರಿಪಡಿಸಬಹುದು.

ನಿಲ್ಲುವ ರೀತಿಯೇ ದೋಷವನ್ನು ಹೇಳುತ್ತದೆ

ಎಂಜಿನ್ನು ಬೇಡುವುದು ಮೂರೇ: ಗಾಳಿಯೊಡನೆ ಹದವಾಗಿ ಬೆರೆತ ಇಂಧನ, ಹೊತ್ತಿಗೆ ಸರಿಯಾಗಿ ಕಿಡಿ, ಮತ್ತು ಸಿಲಿಂಡರಿನಲ್ಲಿ ಸಾಕಷ್ಟು ಒತ್ತಡ. ಸ್ಕ್ರೂ ತಿರುವುವ ಮೊದಲು ಎಂಜಿನ್ನು ಹೇಗೆ ನಿಂತಿತೆಂಬುದನ್ನು ಗಮನಿಸಬೇಕು.

ಗುಂಡಿ ಒತ್ತಿದಂತೆ ಒಮ್ಮೆಲೇ ನಿಂತರೆ ಕಿಡಿಯ ದೋಷವಿರುವ ಸಂಭವ ಹೆಚ್ಚು. ವೇಗ ಕುಗ್ಗುತ್ತ, ಕೆಮ್ಮುತ್ತ ನಿಂತರೆ ಇಂಧನದ ಕೊರತೆ. ನಿಧಾನ ವೇಗದಲ್ಲಿ ಓಡಿ, ಆಕ್ಸಿಲೇಟರ್ ಕೊಟ್ಟ ಕೂಡಲೇ ನಿಂತರೆ ಕಾರ್ಬ್ಯುರೇಟರಿನ ಮುಖ್ಯ ಜೆಟ್ ಅಥವಾ ಸೋಸಕ ಕಟ್ಟಿರಬಹುದು. ಚೋಕನ್ನು ಅರ್ಧ ಮುಚ್ಚಿದಾಗ ಎಂಜಿನ್ನು ಚೇತರಿಸಿಕೊಂಡರೆ, ಪೆಟ್ರೋಲು ಕಡಿಮೆ ಬರುತ್ತಿದೆ ಅಥವಾ ಎಲ್ಲಿಂದಲೋ ಹೆಚ್ಚು ಗಾಳಿ ಸೇರುತ್ತಿದೆ ಎಂದು ತಿಳಿಯಬೇಕು. ಬಿಸಿಯಾದಾಗ ನಿಂತು, ಅರ್ಧ ಗಂಟೆ ಆರಿದ ಮೇಲಷ್ಟೇ ಮತ್ತೆ ಹೊರಡುವ ಎಂಜಿನ್ನಿನಲ್ಲಿ ಕಿಡಿ ಕೊಡುವ ಕಾಯಿಲ್ ಕೆಟ್ಟಿರಬಹುದು. ಇಲ್ಲವೆ ಪಿಸ್ಟನ್ ರಿಂಗು ಸವೆದು ಒತ್ತಡ ಇಳಿದಿರಬಹುದು. ಇಂಥದಕ್ಕೆ ಕಾರ್ಬ್ಯುರೇಟರು ಬಿಚ್ಚಿ ಹೊತ್ತು ಕಳೆದು ಪ್ರಯೋಜನವಿಲ್ಲ.

ಮೊದಲು ಖರ್ಚಿಲ್ಲದ ಪರೀಕ್ಷೆ

ಇಂಧನದ ದಾರಿಯನ್ನು ಟ್ಯಾಂಕಿನಿಂದ ಆರಂಭಿಸಿ ಕಾರ್ಬ್ಯುರೇಟರಿನವರೆಗೆ ಒಂದೊಂದಾಗಿ ನೋಡುತ್ತ ಹೋಗಬೇಕು.

ಮೊದಲನೆಯದು ಟ್ಯಾಂಕಿನ ಮುಚ್ಚಳ. ಪೆಟ್ರೋಲು ಖರ್ಚಾದಷ್ಟು ಗಾಳಿ ಒಳಗೆ ಬರಲೆಂದು ಮುಚ್ಚಳದಲ್ಲಿ ಸೂಕ್ಷ್ಮ ರಂಧ್ರವಿರುತ್ತದೆ. ಧೂಳು, ಔಷಧಿಯ ಪುಡಿ ಕೂತು ಅದು ಮುಚ್ಚಿದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಪೆಟ್ರೋಲಿನ ಹರಿವು ನಿಲ್ಲುತ್ತದೆ. ಎಂಜಿನ್ನು ನಿಂತ ಮೇಲೆ ಮುಚ್ಚಳ ಸಡಿಲಿಸಿದಾಗ ಸುಯ್ ಎಂದು ಗಾಳಿ ಒಳನುಗ್ಗಿದರೆ, ಮತ್ತು ಆ ಬಳಿಕ ಎಂಜಿನ್ನು ಐದಾರು ನಿಮಿಷ ಸರಾಗವಾಗಿ ಓಡಿದರೆ, ದೋಷ ಸಿಕ್ಕಂತೆಯೇ. ಔಷಧಿ ಡಬ್ಬಿಯ ಮುಚ್ಚಳ ಗಾಳಿ ಬಿಡದಂತೆ ಬಿಗಿಯಾಗಿರಬೇಕು; ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಉಸಿರಾಡಬೇಕು. ಎರಡಕ್ಕೂ ಒಂದೇ ನಿಯಮವೆಂದು ತಿಳಿದು ರಂಧ್ರಕ್ಕೆ ಮೇಣ ಮೆತ್ತಿದರೆ ಎಂಜಿನ್ನು ಓಡುವುದಿಲ್ಲ.

ಎರಡನೆಯದು ನಲ್ಲಿ ಮತ್ತು ಸೋಸಕ. ಕಾರ್ಬ್ಯುರೇಟರಿನ ಬಳಿ ಕೊಳವೆ ಕಳಚಿ, ತುದಿಯನ್ನು ಬಾಟಲಿಗೆ ಹಿಡಿದು ನಲ್ಲಿ ತೆರೆಯಬೇಕು. ಟ್ಯಾಂಕು ಮೇಲಿರುವ ಯಂತ್ರಗಳಲ್ಲಿ ಪೆಟ್ರೋಲು ಎಡೆಬಿಡದೆ ಧಾರೆಯಾಗಿ ಬೀಳಬೇಕು. ಹನಿಹನಿಯಾಗಿ ಬಿದ್ದರೆ ಟ್ಯಾಂಕಿನೊಳಗಿನ ಸೋಸಕ ಕಟ್ಟಿದೆ. ಟ್ಯಾಂಕು ಕೆಳಗಿದ್ದು ಪೆಟ್ರೋಲನ್ನು ಮೇಲಕ್ಕೆಳೆಯುವ ಯಂತ್ರಗಳಲ್ಲಿ ಕೊಳವೆಯ ಸೀಳು, ಸಡಿಲ ಜೋಡಣೆಗಳನ್ನು ನೋಡಬೇಕು. ಕೂದಲೆಳೆಯಷ್ಟು ಸೀಳಿದ್ದರೂ ಪೆಟ್ರೋಲಿನ ಬದಲು ಗಾಳಿ ಬರುತ್ತದೆ.

ಮೂರನೆಯದು ಗಾಳಿ ಸೋಸಕ. ಸ್ಪಂಜು ಧೂಳಿನಿಂದ ಕಟ್ಟಿದರೆ ಎಂಜಿನ್ನು ಉಸಿರುಗಟ್ಟಿ, ದಟ್ಟ ಹೊಗೆ ಉಗುಳಿ ನಿಲ್ಲುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಹಿಂಡಿ, ಚೆನ್ನಾಗಿ ಆರಿಸಿ ಹಾಕಬೇಕು. ಸೋಸಕವನ್ನೇ ತೆಗೆದಿಟ್ಟು ಓಡಿಸುವುದು ಎಂಜಿನ್ನಿಗೆ ಮಣ್ಣು ತಿನ್ನಿಸಿದಂತೆ.

ಪೆಟ್ರೋಲೇ ಕೆಟ್ಟಿದ್ದರೆ?

ಹಿಂದೆ ಕ್ಯಾನಿನಲ್ಲಿ ತುಂಬಿಟ್ಟ ಪೆಟ್ರೋಲು ತಿಂಗಳುಗಟ್ಟಲೆ ನಡೆಯುತ್ತಿತ್ತು. ಈಗ ಹಾಗಿಲ್ಲ. ಶೇಕಡಾ 20ರಷ್ಟು ಎಥೆನಾಲು ಬೆರೆತ ಇ-20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಈ ಎಥೆನಾಲು ರೈತರು ಬೆಳೆದ ಕಬ್ಬು ಮತ್ತು ಗೋವಿನಜೋಳದಿಂದಲೇ ಬರುವುದರಿಂದ ಅದನ್ನು ದೂರಬೇಕಾಗಿಲ್ಲ. ಆದರೆ ಹಳೆಯ ಎಂಜಿನ್ನುಗಳನ್ನು ಇಂಥ ಇಂಧನಕ್ಕೆಂದು ಮಾಡಿರಲಿಲ್ಲ ಎಂಬುದನ್ನು ಮರೆಯಬಾರದು.

ಎಥೆನಾಲು ಗಾಳಿಯ ತೇವವನ್ನು ಹೀರುತ್ತದೆ. ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ಮಿತಿ ಮೀರಿದಾಗ ಎಥೆನಾಲೂ ನೀರೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಎಂಜಿನ್ನು ಇಂಧನ ಸೆಳೆಯುವುದು ತಳದಿಂದ. ಹೀಗಾಗಿ ಎಣ್ಣೆಯಿಲ್ಲದ ನೀರು ಮಿಶ್ರಣ ಒಳಗೆ ಹೋಗಿ ಎಂಜಿನ್ನು ನಿಲ್ಲುತ್ತದೆ. ಹಟ ಹಿಡಿದು ಓಡಿಸಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಇದನ್ನು ತಿಳಿಯಲು ಸುಲಭ ಉಪಾಯವಿದೆ. ಟ್ಯಾಂಕಿನ ತಳದ ಪೆಟ್ರೋಲನ್ನು ಸ್ವಚ್ಛವಾದ ಗಾಜಿನ ಬಾಟಲಿಗೆ ಇಳಿಸಿ, ಹತ್ತು ನಿಮಿಷ ಅಲುಗಿಸದೆ ಇಡಬೇಕು. ನಡುವೆ ಗೆರೆ ಕಂಡು ಎರಡು ಪದರಗಳಾದರೆ ಅಥವಾ ತಳದಲ್ಲಿ ಗುಳ್ಳೆಯಂತೆ ನೀರು ಕೂತರೆ ಆ ಇಂಧನ ಕೆಟ್ಟಿದೆ. ಕುಲುಕಿದರೆ ಅದು ಸರಿಹೋಗುವುದಿಲ್ಲ. ಮೇಲಿನ ಪದರವನ್ನು ಬಸಿದುಕೊಂಡು ಬಳಸುವುದೂ ತಪ್ಪು. ಟ್ಯಾಂಕು, ಕೊಳವೆ, ಕಾರ್ಬ್ಯುರೇಟರಿನ ಬಟ್ಟಲು ಎಲ್ಲವನ್ನೂ ಬರಿದು ಮಾಡಿ ಹೊಸ ಪೆಟ್ರೋಲು ಹಾಕಬೇಕು.

ಹಳೆಯ ರಬ್ಬರ್ ಕೊಳವೆ ಮತ್ತು ಕಾರ್ಬ್ಯುರೇಟರಿನ ತೆಳು ಪರದೆಗಳು ಎಥೆನಾಲಿನಿಂದ ಉಬ್ಬಿ ಮೆತ್ತಗಾಗಬಹುದು, ಇಲ್ಲವೆ ಬಿರುಸಾಗಿ ಸೀಳಬಹುದು. ಬದಲಿಸುವಾಗ ಎಥೆನಾಲು ತಾಳುವ ಭಾಗಗಳನ್ನೇ ಕೇಳಿ ಕೊಳ್ಳಬೇಕು. ಪೆಟ್ರೋಲನ್ನು ಎರಡು ಮೂರು ವಾರಕ್ಕೆ ಸಾಕಾಗುವಷ್ಟು ಮಾತ್ರ ತಂದು, ಬಿಗಿ ಮುಚ್ಚಳದ ಕ್ಯಾನಿನಲ್ಲಿ ನೆರಳಿನಲ್ಲಿಡುವುದು ಒಳ್ಳೆಯದು.

ಕಾರವಾರ, ಹೊನ್ನಾವರದ ಕಡೆ ನಾಡದೋಣಿಗಳ ಹಿಂಬದಿಗೆ ತೂಗುಹಾಕುವ ಎಂಜಿನ್ನುಗಳು ಸೀಮೆಎಣ್ಣೆಯಲ್ಲಿ ಓಡುವುದನ್ನು ಕಂಡವರು ಪಂಪಿಗೂ ಅದನ್ನೇ ಬೆರೆಸಲು ಹೋಗಬಾರದು. ಆ ಎಂಜಿನ್ನುಗಳನ್ನು ಸೀಮೆಎಣ್ಣೆಗೆಂದೇ ಹೊಂದಿಸಿರುತ್ತಾರೆ. ಪೆಟ್ರೋಲ್ ಪಂಪಿಗೆ ಅದನ್ನು ಬೆರೆಸಿದರೆ ಎಂಜಿನ್ನು ವಿಪರೀತ ಕಾದು, ಇಂಗಾಲ ಕಟ್ಟುತ್ತದೆ.

ಎಣ್ಣೆಯ ಅಳತೆ

ಎರಡು ಹೊಡೆತದ ಎಂಜಿನ್ನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನೊಡನೆ ಬೆರೆತು ಬಂದ 2-ಟಿ ಎಣ್ಣೆಯೇ ಬೇರಿಂಗು, ಪಿಸ್ಟನ್ನುಗಳನ್ನು ಕಾಯುತ್ತದೆ. 25ಕ್ಕೆ 1ರ ಪ್ರಮಾಣವೆಂದರೆ ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್, 50ಕ್ಕೆ 1 ಎಂದರೆ 20 ಮಿಲಿಲೀಟರ್. ಯಾವುದು ಸರಿ ಎಂಬುದನ್ನು ಯಂತ್ರದ ಕೈಪಿಡಿಯಲ್ಲಿ ನೋಡಿಯೇ ಹಾಕಬೇಕು. ಕಣ್ಣಂದಾಜು ಕೂಡದು, ಔಷಧಿ ಅಳೆಯುವ ಲೋಟವನ್ನು ಎಣ್ಣೆಗೆ ಬಳಸಲೂ ಕೂಡದು. ಪೆಟ್ರೋಲು, ಎಣ್ಣೆಗಳನ್ನು ಬೇರೆ ಕ್ಯಾನಿನಲ್ಲಿ ಚೆನ್ನಾಗಿ ಕುಲುಕಿ ಬೆರೆಸಿದ ಮೇಲೆ ಟ್ಯಾಂಕಿಗೆ ಸೋಸಿ ಹಾಕಬೇಕು. ಎಣ್ಣೆ ಹೆಚ್ಚಾದರೆ ಪ್ಲಗ್ಗು ಮಸಿಯಾಗಿ ಎಂಜಿನ್ನು ನಿಲ್ಲುತ್ತದೆ. ಕಡಿಮೆಯಾದರೆ ಎಂಜಿನ್ನೇ ಹೋಗುತ್ತದೆ. ಟ್ರ್ಯಾಕ್ಟರಿನಿಂದ ಇಳಿಸಿದ ಹಳೆಯ ಎಣ್ಣೆ ಇದಕ್ಕೆ ಸಲ್ಲದು.

ಪ್ಲಗ್ಗಿನ ಬಣ್ಣ, ಜೆಟ್ಟಿನ ಶುದ್ಧಿ

ಪ್ಲಗ್ಗಿನ ತುದಿ ಇಟ್ಟಂಗಿಯ ತಿಳಿ ಕಂದು ಬಣ್ಣವಿದ್ದರೆ ಎಂಜಿನ್ನು ಹದವಾಗಿದೆ. ಕಪ್ಪಾಗಿ ತೊಯ್ದಿದ್ದರೆ ಎಣ್ಣೆ ಅಥವಾ ಪೆಟ್ರೋಲು ಹೆಚ್ಚಾಗಿದೆ, ಇಲ್ಲವೆ ಗಾಳಿ ಸೋಸಕ ಕಟ್ಟಿದೆ. ಒಣಗಿ ಬಿಳಿಚಿಕೊಂಡಿದ್ದರೆ ಇಂಧನ ಸಾಲದು. ಇದು ಅಪಾಯದ ಸೂಚನೆ, ಕೂಡಲೇ ಯಂತ್ರ ನಿಲ್ಲಿಸಬೇಕು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಶಕ್ತಿ ಕಡಿಮೆಯಿರುವುದರಿಂದ ಮತ್ತು ಅದು ಉರಿಯಲು ಕಡಿಮೆ ಗಾಳಿ ಸಾಕಾಗುವುದರಿಂದ, ಹಳೆಯ ಎಂಜಿನ್ನಿನ ಹದ ಈ ಕಡೆಗೇ ವಾಲುತ್ತದೆ. ಬಿಳಿಚಿದ ಪ್ಲಗ್ಗು ಕಂಡವರು ಮೆಕ್ಯಾನಿಕನಿಂದ ಕಾರ್ಬ್ಯುರೇಟರನ್ನು ಹೊಂದಿಸಿಕೊಳ್ಳಬೇಕು.

ಜೆಟ್ ತೊಳೆಯುವಾಗ ಅದರ ರಂಧ್ರಕ್ಕೆ ಸೂಜಿ, ಉಕ್ಕಿನ ತಂತಿ ಹಾಕಬಾರದು. ಹಿತ್ತಾಳೆ ಮೃದುವಾದುದರಿಂದ ರಂಧ್ರ ಹಿಗ್ಗಿದರೆ ಹದ ಶಾಶ್ವತವಾಗಿ ಕೆಡುತ್ತದೆ. ಪೆಟ್ರೋಲಿನಲ್ಲಿ ನೆನೆಯಿಟ್ಟು, ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಸಾಕು. ಬಿಚ್ಚಿದ ಭಾಗಗಳನ್ನು ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲಿಯೇ ಇಟ್ಟರೆ ಜೋಡಿಸುವಾಗ ತಪ್ಪುವುದಿಲ್ಲ. ಇಷ್ಟಾದರೂ ಶಕ್ತಿ ಬಾರದಿದ್ದರೆ ಸೈಲೆನ್ಸರಿನ ಬಾಯಲ್ಲಿ ಇಂಗಾಲ ಕಟ್ಟಿದೆಯೇ ಎಂದು ನೋಡಬೇಕು. ಎಂಜಿನ್ನಿನ ವೇಗ ಕುಗ್ಗಿದರೆ ಗಾಳಿಯ ರಭಸ ಕುಗ್ಗಿ ಹನಿ ದಪ್ಪವಾಗುತ್ತದೆ. ಔಷಧಿ ಎಲೆಗೆ ಹತ್ತದೆ ನೆಲಕ್ಕೆ ಸೋರುತ್ತದೆ. ಕುಂಟುತ್ತ ಓಡುವ ಪಂಪಿನಿಂದ ಹೊಡೆದ ಔಷಧಿ ಅರ್ಧ ನಷ್ಟವೆಂದೇ ಎಣಿಸಬೇಕು.

ಜೀವಕ್ಕಿಂತ ಪಂಪು ದೊಡ್ಡದಲ್ಲ

ಎಂಜಿನ್ನು ಬೆನ್ನ ಮೇಲಿರುವಾಗ ಪೆಟ್ರೋಲು ತುಂಬಬಾರದು. ಕೆಳಗಿಳಿಸಿ, ಆರಿದ ಮೇಲೆ ತುಂಬಬೇಕು. ಬೀಡಿ, ಬೆಂಕಿಕಡ್ಡಿ ದೂರವಿರಲಿ. ಕಿಡಿ ಪರೀಕ್ಷಿಸುವಾಗ ಪೆಟ್ರೋಲಿನ ಕ್ಯಾನು ಹತ್ತಿರ ಇರಬಾರದು. ಚೆಲ್ಲಿದ ಪೆಟ್ರೋಲು ಪೂರ್ತಿ ಆರಿರಬೇಕು. ಪ್ಲಗ್ಗನ್ನು ಅದರ ರಂಧ್ರದಿಂದ ದೂರ ಹಿಡಿಯಬೇಕು. ಕೊಳವೆಯನ್ನು ಬಾಯಿಂದ ಊದುವುದು, ಹೀರುವುದು ಎಂದಿಗೂ ಸಲ್ಲದು. ಅದಕ್ಕೆ ಪೆಟ್ರೋಲೂ ಔಷಧಿಯೂ ಅಂಟಿರುತ್ತವೆ. ಯಂತ್ರ ಮುಟ್ಟುವ ಮೊದಲು ಔಷಧಿಯ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಬೇಕು.

ಹಂಗಾಮು ಮುಗಿದ ಮೇಲೆ

ಮುಂದಿನ ವರ್ಷದ ತೊಂದರೆ ಹುಟ್ಟುವುದು ಈ ವರ್ಷ ಯಂತ್ರವನ್ನು ಮೂಲೆಗಿಡುವ ದಿನ. ಟ್ಯಾಂಕನ್ನು ಬರಿದು ಮಾಡಿ, ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ತೀರಿ ತಾನಾಗಿ ನಿಲ್ಲುವವರೆಗೆ ಎಂಜಿನ್ನು ಓಡಿಸಬೇಕು. ಪ್ಲಗ್ಗು ತೆಗೆದು ಒಂದು ಸಣ್ಣ ಚಮಚೆ 2-ಟಿ ಎಣ್ಣೆ ಹನಿಸಿ, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು ಪ್ಲಗ್ಗು ಕೂಡಿಸಬೇಕು. ಔಷಧಿಯ ಡಬ್ಬಿಯನ್ನು ಮೂರು ಸಲ ಶುದ್ಧ ನೀರಿನಿಂದ ತೊಳೆದಿಡಬೇಕು. ಮೃಗಶಿರ ಮಳೆ ಬೀಳುವ ಮೊದಲು ಒಂದು ದಿನ ಹೊರತೆಗೆದು, ಬರೀ ನೀರು ತುಂಬಿ ಹದಿನೈದು ನಿಮಿಷ ಓಡಿಸಿ ನೋಡಬೇಕು. ದೋಷವಿದ್ದರೆ ಮೆಕ್ಯಾನಿಕನಲ್ಲಿಗೆ ಒಯ್ಯಲು ಆಗ ಸಮಯವಿರುತ್ತದೆ.

ವಿಸ್ತರಣಾ ಕಾರ್ಯಕರ್ತರು ಔಷಧಿಯ ಹೆಸರು, ಪ್ರಮಾಣಗಳನ್ನು ಹೇಳುವ ಸಭೆಯಲ್ಲಿಯೇ ಒಂದು ಹಳೆಯ ಪಂಪನ್ನು ಮುಂದಿಟ್ಟು, ಮುಚ್ಚಳದ ರಂಧ್ರ, ಬಾಟಲಿಯ ಪರೀಕ್ಷೆ, ಪ್ಲಗ್ಗಿನ ಬಣ್ಣ ಈ ಮೂರನ್ನು ತೋರಿಸಿಕೊಟ್ಟರೆ ರೈತರಿಗೆ ದೊಡ್ಡ ಉಪಕಾರವಾದೀತು. ರೋಗವು ಮನೆ ಬಾಗಿಲಿಗೆ ಬಂದಾಗ ಪಂಪು ಬಿಚ್ಚಿ ಕೂಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆ ದಿನ ಹಗ್ಗ ಎಳೆದ ಕೂಡಲೇ ಎಂಜಿನ್ನು ಹೊರಟು, ಹೊಲದ ಕೊನೆಯ ಸಾಲು ಮುಗಿಯುವವರೆಗೆ ಓಡಬೇಕಾದರೆ ಅದರ ಆರೈಕೆ ಇಂದೇ ಆಗಬೇಕು.