ರಾತ್ರಿ ಎರಡು ಗಂಟೆಗೆ ಫೋನ್ ಎತ್ತೋರು ಯಾರು?

ಕೊಡಗು, ಮಲೆನಾಡಿನವರಿಗೆ ಗೊತ್ತಿರುತ್ತೆ, ಜೋರು ಮಳೆಯ ಬೆಳಗ್ಗೆ ಮನೆಯಲ್ಲಿ ಮಕ್ಕಳು ಕೇಳೋ ಮೊದಲ ಪ್ರಶ್ನೆ 'ಡಿಸಿ ರಜೆ ಕೊಟ್ರಾ?' ಅಮೆರಿಕದ ಬಾಸ್ಟನ್ ಸುತ್ತಮುತ್ತ ಇದೇ ಪ್ರಶ್ನೆ ಹಿಮ ಬಿದ್ದಾಗ ಏಳುತ್ತಿತ್ತು. ಉತ್ತರ ಕೊಡುತ್ತಿದ್ದದ್ದು ರೇಡಿಯೋ. ಅಲ್ಲಿನ ಡಬ್ಲ್ಯೂಬಿಜೆಡ್ ಸ್ಟೇಷನ್‌ನಲ್ಲಿ ಗ್ಯಾರಿ ಲಾಪಿಯರ್ ಅಂತ ಒಬ್ಬರು ದಶಕಗಳ ಕಾಲ ಬೆಳಗಿನ ಸುದ್ದಿ ಓದಿದರು. ಹಿಮದ ದಿನ ಊರೂರಿನ ಹೆಸರು ಹಿಡಿದು, ಎಲ್ಲೆಲ್ಲಿ ಶಾಲೆ ಇಲ್ಲ ಅಂತ ಓದೋದು ಅವರ ಕೆಲಸ. ಸುದ್ದಿ ಓದುವ ನನ್ನಂಥವನಿಗೆ ಅದು ಸಪ್ಪೆ ಕೆಲಸ ಅನ್ನಿಸಬಹುದು. ಆದರೆ ತನ್ನ ಊರಿನ ಹೆಸರು ಬರುತ್ತಾ ಅಂತ ಉಸಿರು ಬಿಗಿಹಿಡಿದು ಕಾಯೋ ಮಗುವನ್ನ ಕೇಳಿ ನೋಡಿ.

ಇವತ್ತು ಹೇಳಬೇಕು ಅಂದುಕೊಂಡದ್ದು 1978ರ ಫೆಬ್ರವರಿ 6, ಸೋಮವಾರದ ಕಥೆ. ಹಿಮಬಿರುಗಾಳಿ ಬರುತ್ತೆ ಅಂತ ಹವಾಮಾನದವರು ಮೊದಲೇ ಹೇಳಿದ್ದರು. ಬೆಳಗ್ಗೆ ಜನ ಕಿಟಕಿ ತೆಗೆದು ನೋಡಿದರೆ ಏನೂ ಇಲ್ಲ. ಇವರು ಹೇಳೋದೇ ಹೀಗೆ ಅಂದುಕೊಂಡು ಎಲ್ಲರೂ ಕೆಲಸಕ್ಕೆ ಹೊರಟರು. ನಮ್ಮಲ್ಲೂ ಅಷ್ಟೇ ಅಲ್ವಾ? ಆಮೇಲೆ ಶುರುವಾಯಿತು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಮನೆಗೆ ಹೊರಟರು, ಒಟ್ಟಿಗೇ ಸಿಕ್ಕಿಬಿದ್ದರು. ಬಾಸ್ಟನ್ ಸುತ್ತುವ ರೂಟ್ 128 ಹೆದ್ದಾರಿಯಲ್ಲಿ 3,000ಕ್ಕೂ ಹೆಚ್ಚು ಕಾರುಗಳು, ಸುಮಾರು 500 ಲಾರಿಗಳು ನಿಂತಲ್ಲೇ ಹೂತುಹೋದವು. ಎರಡು ದಿನದಲ್ಲಿ ಬಾಸ್ಟನ್‌ನಲ್ಲಿ ಬಿದ್ದ ಹಿಮ 27 ಇಂಚು.

ಮೊಬೈಲ್ ಇಲ್ಲದ ಕಾಲ ಅದು. ಕಾರೊಳಗೆ ಕೂತವನಿಗೆ ಹೊರಗಿನ ಲೋಕದ ಜೊತೆ ಉಳಿದ ಸಂಬಂಧ ಒಂದೇ, ಡ್ಯಾಶ್‌ಬೋರ್ಡಿನ ರೇಡಿಯೋ. ಇಲ್ಲೇ ಒಂದು ಇಕ್ಕಟ್ಟು ನೋಡಿ. ಎಂಜಿನ್ ಆಫ್ ಮಾಡಿದರೆ ಚಳಿ ಕೊಲ್ಲುತ್ತೆ, ರೇಡಿಯೋ ಹಾಕಿಕೊಂಡೇ ಕೂತರೆ ಬ್ಯಾಟರಿ ಇಳಿಯುತ್ತೆ. ಎಂಜಿನ್ ಆನ್ ಮಾಡಿದರೆ? ಹಿಮ ಸೈಲೆನ್ಸರ್ ಪೈಪನ್ನ ಮುಚ್ಚಿಬಿಟ್ಟಿರುತ್ತೆ. ಹೊಗೆ ಹೊರಗೆ ಹೋಗಲ್ಲ, ಕಾರೊಳಗೇ ಸೇರುತ್ತೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಬೆಚ್ಚಗಿದೆ ಅಂತ ಕಣ್ಣು ಮುಚ್ಚಿದವರು ಮತ್ತೆ ಏಳಲಿಲ್ಲ. ಆ ಒಂದೇ ಹೆದ್ದಾರಿಯಲ್ಲಿ 14 ಮಂದಿ ಹೀಗೆ ಸತ್ತರು ಅಂತ ದಾಖಲೆ ಇದೆ. 'ಇಳಿದು ಪೈಪ್ ಸುತ್ತ ಹಿಮ ಕೆರೆಯಿರಿ, ಗಾಜು ಸ್ವಲ್ಪ ಇಳಿಸಿ, ಎಂಜಿನ್ನನ್ನ ಬಿಟ್ಟು ಬಿಟ್ಟು ಓಡಿಸಿ.' ಎಷ್ಟು ಚಿಕ್ಕ ಮಾತು! ಆದರೆ ಇದನ್ನ ಒಮ್ಮೆ ಹೇಳಿದರೆ ಸಾಲಲ್ಲ, ಹತ್ತು ನಿಮಿಷಕ್ಕೊಮ್ಮೆ ಹೇಳಬೇಕು, ರಾತ್ರಿಯಿಡೀ ಹೇಳಬೇಕು. ಯಾಕಂದ್ರೆ ಯಾರು ಯಾವಾಗ ರೇಡಿಯೋ ಹಾಕ್ತಾರೋ ಗೊತ್ತಿಲ್ಲ.

ಇಂಥ ಹೊತ್ತಲ್ಲಿ ರೇಡಿಯೋದವರಿಗೆ ಪಾಳಿ ಅನ್ನೋದೇ ಇರಲ್ಲ. ಬಿಡಿಸಬೇಕಾದವನು ತಾನೇ ದಾರಿಯಲ್ಲಿ ಸಿಕ್ಕಿಕೊಂಡಿರುತ್ತಾನೆ. ಒಳಗಿದ್ದವನು ಒಳಗೇ. ಗಂಟಲು ಕಟ್ಟಿದರೂ ಅವನೇ ಮಾತಾಡಬೇಕು. ಮೈಕ್ ಮುಂದಿನವನ ಹೆಸರಾದರೂ ಜನಕ್ಕೆ ಗೊತ್ತು, ಟ್ರಾನ್ಸ್‌ಮಿಟರ್ ಕಾಯೋ ಎಂಜಿನಿಯರ್ ಹೆಸರು ಯಾರಿಗೆ ಗೊತ್ತು? ಡಬ್ಲ್ಯೂಬಿಜೆಡ್ ಟವರ್ ಇರೋದು ಬಾಸ್ಟನ್‌ನಲ್ಲಲ್ಲ, ಹಲ್ ಅನ್ನೋ ಕಡಲತಡಿಯ ಪುಟ್ಟ ಊರಲ್ಲಿ. ಆ ಬಿರುಗಾಳಿಯಲ್ಲಿ ಸಮುದ್ರ ನುಗ್ಗಿದ ಊರುಗಳಲ್ಲಿ ಹಲ್ ಕೂಡ ಒಂದು.

ರಾಜ್ಯಪಾಲ ಮೈಕೆಲ್ ಡುಕಾಕಿಸ್ ರಸ್ತೆಗೆ ವಾಹನ ಇಳಿಸಬೇಡಿ ಅಂತ ಆದೇಶ ಮಾಡಿದರು. ಸ್ವೆಟರ್ ಹಾಕಿಕೊಂಡು ಟಿವಿಯಲ್ಲಿ ಬಂದು ಮಾತಾಡಿದ್ದು ಅಲ್ಲಿನವರಿಗೆ ಇವತ್ತಿಗೂ ನೆನಪು. ಆದರೆ ಕರೆಂಟ್ ಹೋದ ಮನೆಯಲ್ಲಿ ಟಿವಿ ಬರೀ ಪೆಟ್ಟಿಗೆ. ಟಿವಿಯವನಾಗಿಯೇ ಇದನ್ನ ಹೇಳ್ತಿದ್ದೇನೆ, ಆ ಮನೆಗಳಿಗೆ ತಲುಪಿದ್ದು ನಾಲ್ಕು ಸೆಲ್ಲಿನ ಟ್ರಾನ್ಸಿಸ್ಟರ್.

ಈಗ ಇನ್ನೊಂದು ರಾತ್ರಿ. 2002ರ ಜನವರಿ 18, ನಾರ್ತ್ ಡಕೋಟಾದ ಮೈನಾಟ್ ಪಟ್ಟಣ. ಕೊರೆಯೋ ಚಳಿ. ರಾತ್ರಿ ಒಂದೂವರೆ ದಾಟಿತ್ತು, ಊರಂಚಿನಲ್ಲಿ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯಾ ಟ್ಯಾಂಕರ್‌ಗಳು ಒಡೆದವು. ವಿಷದ ಮೋಡ ಊರಿನ ಮೇಲೆ ಬಂತು. ಮನೆಯೊಳಗೇ ಇರಿ, ಕಿಟಕಿ ಬಾಗಿಲು ಮುಚ್ಚಿ ಅಂತ ಜನಕ್ಕೆ ಹೇಳಬೇಕು. ಪೊಲೀಸರು ರೇಡಿಯೋ ಸ್ಟೇಷನ್‌ಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಊರಿನ ಆರು ಸ್ಟೇಷನ್‌ಗಳು ಒಂದೇ ಕಂಪನಿಯ ಕೈಯಲ್ಲಿದ್ದವು. ಬೇರೆಲ್ಲೋ ತಯಾರಾದ ಕಾರ್ಯಕ್ರಮ ಕಂಪ್ಯೂಟರ್‌ನಿಂದ ತಾನಾಗಿ ಓಡ್ತಿತ್ತು. ಪೊಲೀಸರ ತುರ್ತು ಉಪಕರಣವೇ ಸರಿಯಿರಲಿಲ್ಲ ಅಂತ ಕಂಪನಿ ವಾದಿಸಿತು, ಆ ಜಗಳ ಬಹಳ ದಿನ ನಡೆಯಿತು. ಒಬ್ಬ ಮನುಷ್ಯ ಸತ್ತ, ನೂರಾರು ಜನ ಗಾಯಗೊಂಡರು.

1978ರ ರೇಡಿಯೋಗೂ 2002ರ ರೇಡಿಯೋಗೂ ಯಂತ್ರದಲ್ಲಿ ಕೊರತೆ ಇರಲಿಲ್ಲ. ಹೊಸದೇ ಚೆನ್ನಾಗಿತ್ತು. ಕಡಿಮೆಯಾಗಿದ್ದು ಕುರ್ಚಿ ಮೇಲಿನ ಮನುಷ್ಯ. ರಾತ್ರಿ ಪಾಳಿಯ ಒಂದು ಸಂಬಳ ಉಳಿಸೋದು ಲೆಕ್ಕದ ಪುಸ್ತಕದಲ್ಲಿ ಜಾಣತನ ಅನ್ನಿಸುತ್ತೆ, ವರ್ಷದ 364 ದಿನ ಅದು ಸರಿಯಾಗಿಯೂ ಕಾಣುತ್ತೆ.

ನಮ್ಮ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ ಹಿಮ ಇಲ್ಲ ನಿಜ, ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜಾರಿದ್ದನ್ನ ನೋಡಿದ್ದೇವೆ. ಭಾರತದ ಖಾಸಗಿ ಎಫ್ಎಂಗಳಿಗೆ ಸ್ವಂತ ಸುದ್ದಿ ಓದೋಕೆ ಅನುಮತಿ ಇಲ್ಲ. ಆದರೆ 2011ರ ನೀತಿಯ ಪ್ರಕಾರ ಟ್ರಾಫಿಕ್, ಹವಾಮಾನ, ಪ್ರಕೃತಿ ವಿಕೋಪದ ಸೂಚನೆಗಳು ಸುದ್ದಿ ಲೆಕ್ಕಕ್ಕೆ ಬರಲ್ಲ, ಸ್ಥಳೀಯ ಆಡಳಿತ ಕೊಟ್ಟದ್ದನ್ನ ಹೇಳಬಹುದು. ಅಂದ್ರೆ ಕಾನೂನು ಅಡ್ಡ ಬರಲ್ಲ. ಹಾಗಿದ್ದ ಮೇಲೆ ಜಿಲ್ಲಾಧಿಕಾರಿಗಳನ್ನ ನಾನು ಕೇಳೋದು ಇಷ್ಟೇ: ನಿಮ್ಮ ವಿಪತ್ತು ನಿರ್ವಹಣೆ ಕೊಠಡಿಯ ಗೋಡೆ ಮೇಲೆ ಫೋನ್ ನಂಬರ್‌ಗಳ ಪಟ್ಟಿ ಇರುತ್ತಲ್ಲ, ಅದರಲ್ಲಿ ನಿಮ್ಮ ಜಿಲ್ಲೆಯ ರೇಡಿಯೋ ನಂಬರ್ ಇದೆಯಾ? ಇದ್ದರೆ, ಇವತ್ತು ರಾತ್ರಿ ಎರಡು ಗಂಟೆಗೆ ಒಂದು ಸಲ ಫೋನ್ ಮಾಡಿ ನೋಡಿ.