ಯೆಹೂದ್ಯರ ಪ್ರಾಚೀನ ಇತಿಹಾಸವೂ ಕ್ರೈಸ್ತಮತದ ಉದಯವೂ



ಒಂದು ಮತದ ಸ್ವರೂಪವನ್ನು ಅರಿಯಲಿಚ್ಛಿಸುವವರು ಆ ಮತವು ಹುಟ್ಟಿದ ನೆಲವನ್ನೂ ಕಾಲವನ್ನೂ ಮೊದಲು ಅರಿಯತಕ್ಕದ್ದು. ಬೇರನ್ನು ನೋಡದೆ ಮರದ ಗುಣವನ್ನು ಹೇಳುವದು ಸಾಹಸವೇ ಸರಿ. ಕ್ರೈಸ್ತಮತವು ಇಂದು ಭೂಮಂಡಲದಲ್ಲೆಲ್ಲ ಹಬ್ಬಿರುವದು. ಆದರೆ ಅದರ ಮೂಲಪುರುಷನಾದ ಯೇಸುವು ಯೆಹೂದ್ಯರಲ್ಲಿ ಹುಟ್ಟಿ, ಯೆಹೂದ್ಯರ ಶಾಸ್ತ್ರವನ್ನೇ ನಂಬಿ, ಯೆಹೂದ್ಯರ ಸಭಾಮಂದಿರಗಳಲ್ಲಿಯೇ ಉಪದೇಶಿಸಿದನೆಂಬದನ್ನು ಬಹುಜನರು ಮರೆತರು. ಈ ಮರೆವಿನಿಂದ ಲೋಕದಲ್ಲಿ ನಡೆದ ಅನ್ಯಾಯವು ಅಲ್ಪವಲ್ಲ. ಆದಕಾರಣ ಆ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸುವದೇ ಈ ಉಪನ್ಯಾಸದ ಉದ್ದೇಶವು.

ಭೂಮಧ್ಯ ಸಮುದ್ರಕ್ಕೂ ಯೊರ್ದನ್ ನದಿಗೂ ನಡುವಣ ಆ ನಾಡು ಬಹು ಚಿಕ್ಕದು. ನೈಋತ್ಯಕ್ಕೆ ಐಗುಪ್ತ, ಈಶಾನ್ಯಕ್ಕೆ ಅಶ್ಶೂರ ಮತ್ತು ಬಾಬಿಲೋನ್, ಹೀಗೆ ಎರಡೂ ಕಡೆಗೆ ಮಹಾಸಾಮ್ರಾಜ್ಯಗಳು. ಅವುಗಳ ಸೈನ್ಯಗಳು ಹಾಯ್ದು ಹೋಗುವ ಹೆದ್ದಾರಿಯಲ್ಲಿ ಈ ಸಣ್ಣ ಜನಾಂಗವು ನೆಲಸಿತ್ತು. ಅಲ್ಲಿದ್ದ ಎರಡು ರಾಜ್ಯಗಳಲ್ಲಿ ಉತ್ತರದ ಇಸ್ರಾಯೇಲನ್ನು ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರರು ನಾಶಮಾಡಿದರು. ದಕ್ಷಿಣದ ಯೆಹೂದ ರಾಜ್ಯವು ಕೆಲಕಾಲ ಉಳಿಯಿತು. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮ್ ಪಟ್ಟಣವನ್ನು ಹಿಡಿದು, ದೇವಾಲಯವನ್ನು ಸುಟ್ಟು, ಪ್ರಮುಖರನ್ನೆಲ್ಲ ಸೆರೆಯೊಯ್ದನು.

ಆ ಕಾಲದಲ್ಲಿ ಒಂದು ರಾಜ್ಯವು ಸೋತರೆ ಅದರ ದೇವರೂ ಸೋತಂತೆಯೇ ಎಂದು ಜನರು ತಿಳಿಯುತ್ತಿದ್ದರು. ಗುಡಿಯು ಬೂದಿಯಾದ ಮೇಲೆ ಆ ಗುಡಿಯ ದೇವರನ್ನು ನಂಬುವರಾರು? ಈ ಪ್ರಶ್ನೆಯ ಮುಂದೆ ಎಷ್ಟೋ ಜನಾಂಗಗಳು ಹೆಸರಿಲ್ಲದಂತಾದವು. ಯೆಹೂದ್ಯರು ಮಾತ್ರ ಹಾಗಾಗಲಿಲ್ಲ. ಸೋತವನು ದೇವರಲ್ಲ, ಬಡವರನ್ನು ಹಿಂಡಿ, ನ್ಯಾಯವನ್ನು ಮಾರಿದ ಜನರಿಗೇ ಇದು ದಂಡನೆಯೆಂದು ಅವರ ಪ್ರವಾದಿಗಳು ಸಾರಿದರು. ಲೋಕಕ್ಕೆಲ್ಲ ದೇವನೊಬ್ಬನೇ, ಅವನು ಪರದೇಶದಲ್ಲಿಯೂ ಮೊರೆಯನ್ನು ಕೇಳುವನು ಎಂಬ ನಂಬಿಗೆಯು ಆ ಸೆರೆವಾಸದಲ್ಲಿಯೇ ಗಟ್ಟಿಗೊಂಡಿತು. ಬಲಿಪೀಠವಿಲ್ಲದ ನಾಡಿನಲ್ಲಿ ಪ್ರಾರ್ಥನೆ, ಶಾಸ್ತ್ರಶ್ರವಣ, ಸಬ್ಬತ್ ದಿನದ ಆಚರಣೆ ಇವೇ ಅವರನ್ನು ಹಿಡಿದು ನಿಲ್ಲಿಸಿದವು.

ಕ್ರಿ.ಪೂ. 539ರಲ್ಲಿ ಪಾರಸಿಕ ಚಕ್ರವರ್ತಿಯಾದ ಕೋರೇಷನು ಬಾಬಿಲೋನನ್ನು ಗೆದ್ದು, ಯೆಹೂದ್ಯರಿಗೆ ಸ್ವದೇಶಕ್ಕೆ ಮರಳಲು ಅಪ್ಪಣೆಯಿತ್ತನು. ಕ್ರಿ.ಪೂ. 515ರ ಸುಮಾರಿಗೆ ಎರಡನೆಯ ದೇವಾಲಯವು ಮುಗಿಯಿತು. ಆದರೆ ಎಲ್ಲರೂ ಮರಳಲಿಲ್ಲ. ಅಂದಿನಿಂದ ಯೆಹೂದ್ಯರು ಅನೇಕ ದೇಶಗಳಲ್ಲಿ ಚದರಿ ಬಾಳುವವರಾದರು. ಅಲೆಕ್ಸಾಂಡರನ ದಿಗ್ವಿಜಯದ ತರುವಾಯ ಗ್ರೀಕ್ ಭಾಷೆಯು ಆ ಪ್ರಾಂತದಲ್ಲೆಲ್ಲ ಹರಡಲು, ಐಗುಪ್ತದ ಅಲೆಕ್ಸಾಂಡ್ರಿಯಾ ಪಟ್ಟಣದ ಯೆಹೂದ್ಯರಿಗಾಗಿ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಮೋಶೆಯ ಧರ್ಮಶಾಸ್ತ್ರವು ಗ್ರೀಕಿಗೆ ಭಾಷಾಂತರವಾಯಿತು. ಮುಂದೆ ಕ್ರೈಸ್ತಮತವು ಗ್ರೀಕ್ ನಗರಗಳಲ್ಲಿ ಹರಡಿದಾಗ ಅದರ ಕೈಯಲ್ಲಿದ್ದ ಶಾಸ್ತ್ರವು ಇದೇ ಗ್ರೀಕ್ ಪಾಠವು.

ಕ್ರಿ.ಪೂ. 167ರಲ್ಲಿ ಸಿರಿಯದ ಅರಸನಾದ ನಾಲ್ಕನೆಯ ಅಂತಿಯೋಕನು ಯೆಹೂದ್ಯರ ಆಚಾರಗಳನ್ನು ನಿಷೇಧಿಸಿ, ದೇವಾಲಯವನ್ನು ಹೊಲೆಮಾಡಿಸಿದನು. ಧರ್ಮವನ್ನು ಬಿಡಲೊಲ್ಲದೆ ಅನೇಕರು ಪ್ರಾಣವನ್ನೇ ಬಿಟ್ಟರು. ಮಕ್ಕಬೀಯ ಸಹೋದರರು ಶಸ್ತ್ರಹಿಡಿದು ಹೋರಾಡಿ, ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಶುದ್ಧಿಗೊಳಿಸಿದರು. ಹನುಕ್ಕಾ ಎಂಬ ದೀಪೋತ್ಸವವು ಅದರ ಸ್ಮರಣೆಯು. ಧರ್ಮಕ್ಕಾಗಿ ಮಡಿದವರನ್ನು ದೇವನು ಮರಳಿ ಎಬ್ಬಿಸುವನೆಂಬ ಪುನರುತ್ಥಾನದ ನಂಬಿಗೆಯು ಈ ಸಂಕಟದಲ್ಲಿ ಬಲಗೊಂಡಿತು. ಈ ನಂಬಿಗೆಯಿಲ್ಲದಿದ್ದರೆ ಕ್ರೈಸ್ತರ ಮೊದಲ ಸಾರುವಿಕೆಯು ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿಯಾದ ಪೊಂಪೇಯನು ಯೆರೂಸಲೇಮನ್ನು ವಶಪಡಿಸಿಕೊಂಡನು. ರೋಮಿನ ಆಶ್ರಯದಲ್ಲಿ ಆಳಿದ ಹೆರೋದನು ದೇವಾಲಯವನ್ನು ಅತಿ ವೈಭವದಿಂದ ಕಟ್ಟಿಸಿದನು. ಕ್ರಿ.ಶ. 6ರಿಂದ ಯೂದಾಯವು ರೋಮೀಯ ಅಧಿಪತಿಗಳ ನೇರ ಆಳಿಕೆಗೆ ಒಳಪಟ್ಟಿತು. ಮಹಾಯಾಜಕನನ್ನು ನೇಮಿಸುವ, ತೆಗೆಯುವ ಅಧಿಕಾರವೂ ಅವರ ಕೈಸೇರಿತು. ಆಗ ಯೆಹೂದ್ಯರಲ್ಲಿ ಹಲವು ಪಂಥಗಳಿದ್ದವು. ಸದ್ದುಕಾಯರು ದೇವಾಲಯದ ಸಿರಿವಂತ ಯಾಜಕವರ್ಗಕ್ಕೆ ಸಮೀಪದವರು, ಪುನರುತ್ಥಾನವನ್ನು ಒಪ್ಪದವರು. ಫರಿಸಾಯರು ಶಾಸ್ತ್ರವನ್ನು ನಿತ್ಯಜೀವನದಲ್ಲಿ ತರಬೇಕೆಂಬ ಬೋಧಕರು. ಎಸ್ಸೇನರು ಸಂಪತ್ತನ್ನು ಒಟ್ಟಿಗೆ ಹಂಚಿಕೊಂಡು ಬಾಳುವ ವ್ರತಸ್ಥರು. 1947ರಿಂದ ಮೃತಸಮುದ್ರದ ದಡದ ಗವಿಗಳಲ್ಲಿ ದೊರೆತ ಸುರುಳಿಗಳು ಇಂಥದೇ ಒಂದು ಸಂಘದವೆಂದು ಬಹುಮಂದಿ ಪಂಡಿತರ ಮತವು. ಸುಂಕದ ಭಾರದಿಂದಲೂ ಪರರ ಆಳಿಕೆಯಿಂದಲೂ ಬೆಂದ ಜನರು ದಾವೀದನ ವಂಶದ ಮೆಸ್ಸೀಯನು ಬರುವನೆಂದು ಕಾದಿದ್ದರು. ಮೆಸ್ಸೀಯನೆಂದರೆ ಅಭಿಷಿಕ್ತನು, ಅದರ ಗ್ರೀಕ್ ರೂಪವೇ ಕ್ರಿಸ್ತನೆಂಬ ಶಬ್ದವು.

ಇಂಥ ಕಾಲದಲ್ಲಿ ಗಲಿಲಾಯದ ನಜರೇತಿನ ಯೇಸುವು ದೇವರ ರಾಜ್ಯವು ಸಮೀಪಿಸಿತೆಂದು ಬೋಧಿಸಿದನು. ಕ್ರಿ.ಶ. 30ರ ಸುಮಾರಿಗೆ ಪಸ್ಕಹಬ್ಬದ ಜನಸಂದಣಿಯಲ್ಲಿ ಅವನು ಸೆರೆಸಿಕ್ಕಿದನು. ಮಹಾಯಾಜಕನ ಪಕ್ಷದವರು ಅವನನ್ನು ಒಪ್ಪಿಸಿಕೊಟ್ಟರೆಂದು ಸುವಾರ್ತೆಗಳು ಹೇಳುವವು. ಆದರೆ ಮರಣದಂಡನೆಯನ್ನು ವಿಧಿಸಿದವನು ರೋಮೀಯ ಅಧಿಪತಿಯಾದ ಪಿಲಾತನು. ಶಿಲುಬೆಯು ರೋಮೀಯರ ಶಿಕ್ಷೆಯು. ಯೆಹೂದ್ಯರ ಅರಸನೆನಿಸಿಕೊಂಡನೆಂಬ ಆರೋಪವು ರಾಜದ್ರೋಹದ ಆರೋಪವು. ಅಳುತ್ತ ಹಿಂದೆ ನಿಂತವರೂ ಯೆಹೂದ್ಯರೇ, ಅವನು ಎದ್ದನೆಂದು ಮೊದಲು ಸಾರಿದವರೂ ಯೆಹೂದ್ಯರೇ.

ಆ ಶಿಷ್ಯರು ದೇವಾಲಯವನ್ನು ಬಿಡಲಿಲ್ಲ. ಹೊಸ ಮತವನ್ನು ಕಟ್ಟುತ್ತಿರುವೆವೆಂದು ಭಾವಿಸಲೂ ಇಲ್ಲ. ಫರಿಸಾಯನಾದ ತಾರ್ಸದ ಪೌಲನು ಊರೂರ ಸಭಾಮಂದಿರಗಳ ಮಾರ್ಗವಾಗಿಯೇ ಅನ್ಯಜನರಿಗೂ ಬೋಧಿಸತೊಡಗಿದನು. ಅನ್ಯರು ಸೇರುವಾಗ ಸುನ್ನತಿಯು ಬೇಕೋ ಬೇಡವೋ ಎಂಬ ವಾದವು ಹುಟ್ಟಿತು. ಸುಮಾರು 49ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಕೂಡಿ, ಅದು ಬೇಡವೆಂದು ನಿರ್ಣಯಿಸಿದರು. ಕವಲು ಒಡೆದದ್ದು ಇಲ್ಲಿಂದಲೇ.

66ರಲ್ಲಿ ಯೆಹೂದ್ಯರು ರೋಮಿನ ಮೇಲೆ ದಂಗೆಯೆದ್ದರು. 70ರಲ್ಲಿ ತೀತನ ಸೈನ್ಯವು ಎರಡನೆಯ ದೇವಾಲಯವನ್ನೂ ಸುಟ್ಟಿತು. ಅಲ್ಲಿಂದ ಒಯ್ದ ಏಳು ಕವಲಿನ ದೀಪಸ್ತಂಭದ ಚಿತ್ರವು ರೋಮಿನ ವಿಜಯದ್ವಾರದ ಕಲ್ಲಿನಲ್ಲಿ ಇಂದಿಗೂ ಕಾಣುವದು. ಹಳೆಯ ಪ್ರಶ್ನೆಯು ಮತ್ತೆ ಎದುರಾಯಿತು. ಯೊಹಾನಾನ್ ಬೆನ್ ಜಕ್ಕೈ ಎಂಬ ಗುರುವು ಯಾವ್ನೆಯೆಂಬ ಊರಿನಲ್ಲಿ ವಿದ್ಯಾಪೀಠವನ್ನು ನಡೆಯಿಸಿ, ಬಲಿಯ ಸ್ಥಾನದಲ್ಲಿ ಅಧ್ಯಯನ, ಪ್ರಾರ್ಥನೆ, ದಯೆಗಳನ್ನು ನಿಲ್ಲಿಸಿದನು. ಕ್ರೈಸ್ತರೋ, ಯೇಸುವಿನ ಮರಣವೇ ಕೊನೆಯ ಬಲಿಯೆಂದರು. ಒಂದೇ ಪ್ರಶ್ನೆಗೆ ಎರಡು ಉತ್ತರಗಳು. ಒಂದೇ ತಾಯಿಯ ಎರಡು ಮಕ್ಕಳು. 132ರಿಂದ 135ರವರೆಗಿನ ಎರಡನೆಯ ದಂಗೆಯ ತರುವಾಯ ಅವರ ದಾರಿಗಳು ಮತ್ತಷ್ಟು ದೂರವಾದವು.

ಸುವಾರ್ತೆಗಳು ಬಹುಮಟ್ಟಿಗೆ ಈ ಒಡಕಿನ ಕಾಲದಲ್ಲಿಯೇ ಬರೆಯಲ್ಪಟ್ಟವು. ದಾಯಾದಿಗಳ ಜಗಳದ ಬಿರುಸು ಅವುಗಳಲ್ಲಿ ಉಳಿಯಿತು. ಮುಂದೆ ರಾಜ್ಯಬಲವು ಕ್ರೈಸ್ತರಿಗೆ ದೊರೆತಾಗ ಅದೇ ಬಿರುನುಡಿಗಳು ಇಡೀ ಜನಾಂಗವನ್ನು ದೇವಘಾತಕರೆಂದು ದೂಷಿಸಲು ಸಾಧನವಾದವು. 1096ರಲ್ಲಿ ರೈನ್ ನದಿಯ ತೀರದಲ್ಲಿ ಕೊಲೆಗಳಾದವು. 1290ರಲ್ಲಿ ಇಂಗ್ಲೆಂಡಿನಿಂದ, 1492ರಲ್ಲಿ ಸ್ಪೇನಿನಿಂದ ಯೆಹೂದ್ಯರು ಹೊರದೂಡಲ್ಪಟ್ಟರು. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಆ ಹಗೆಯು ಜನಾಂಗದ ಹೆಸರಿನದಾದರೂ, ಅದು ಬೇರೂರಿದ ನೆಲವನ್ನು ಹದಗೊಳಿಸಿದ್ದರಲ್ಲಿ ಹಳೆಯ ದೂಷಣೆಗೂ ಪಾಲಿತ್ತು. 1965ರಲ್ಲಿ ವ್ಯಾಟಿಕನ್ನಿನ ಮಹಾಸಭೆಯು, ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಪ್ರಕಟಿಸಿತು. ಸತ್ಯವನ್ನು ನುಡಿಯಲು ಅಷ್ಟು ಶತಮಾನಗಳು ಬೇಕಾದವು.

ಸಭಿಕರೇ, ಗುಡಿಯು ಎರಡು ಸಾರೆ ಬಿದ್ದರೂ ಓದನ್ನೂ ಆಚಾರವನ್ನೂ ಬಿಡದೆ ಉಳಿದ ಜನಾಂಗವಿದು. ಅದರ ಚರಿತ್ರೆಯನ್ನು ಓದಿದವನು ಕ್ರೈಸ್ತಮತವನ್ನು ಚೆನ್ನಾಗಿ ಅರಿಯುವನು. ತನ್ನನ್ನು ಹೆತ್ತ ಮನೆಯನ್ನು ಹಳಿಯುವ ಮತವು ತನ್ನ ಮಾತಿನ ಅರ್ಥವನ್ನೇ ಕಳೆದುಕೊಳ್ಳುವದೆಂಬದನ್ನೂ ಅರಿಯುವನು.